ಹಿರಿಯರ ಒಂದು ದಿನದ ಪ್ರವಾಸ: ಬಸ್ಸು ಹತ್ತಲಾರದವರನ್ನೂ ನೆನೆಯೋಣ

ಪುಣೆ: ದೀಪಾವಳಿ ಮುಗಿದು ಚಳಿ ಹಿಡಿಯುತ್ತಿದ್ದಂತೆ ನಗರದ ತುಳು-ಕನ್ನಡಿಗರ ಸಂಘ-ಸಂಸ್ಥೆಗಳಲ್ಲಿ ಪ್ರವಾಸದ ಮಾತು ಆರಂಭವಾಗುತ್ತದೆ. 'ಹಿರಿಯ ನಾಗರಿಕರಿಗಾಗಿ ಒಂದು ದಿನದ ವಿಹಾರ', 'ಹಿರಿಯರಿಗೆ ತೀರ್ಥಕ್ಷೇತ್ರ ದರ್ಶನ' ಎಂಬ ಪ್ರಕಟಣೆಗಳು ಒಂದರ ಹಿಂದೆ ಒಂದು ಬರುತ್ತವೆ. ಬೆಳಿಗ್ಗೆ ಆರೂವರೆಗೆ ಬಸ್ಸು, ಏಳೂವರೆಗೆ ದಾರಿಬದಿಯಲ್ಲಿ ಉಪ್ಪಿಟ್ಟು-ಶಿರಾ, ಬಸ್ಸಿನೊಳಗೆ ಭಜನೆ, ಅಂತ್ಯಾಕ್ಷರಿ, ಹಳೆಯ ಊರಿನ ಸುದ್ದಿ, ಮಧ್ಯಾಹ್ನ ದೇವರ ದರ್ಶನ, ಊಟ, ಸಂಜೆ ಚಹಾ, ರಾತ್ರಿ ಎಂಟಕ್ಕೆ ಮನೆ. ಮರುದಿನ ಬಸ್ಸಿನ ಮುಂದೆ ನಿಂತ ಪದಾಧಿಕಾರಿಗಳ ಚಿತ್ರ ಪತ್ರಿಕೆಯಲ್ಲಿ.

ಇದೆಲ್ಲ ಒಳ್ಳೆಯದೇ. ಆದರೆ ಇಂತಹ ಪ್ರವಾಸವನ್ನು ನಾವು ಇನ್ನೂ ವಾರ್ಷಿಕ ಕಾರ್ಯಕ್ರಮಗಳ ಪಟ್ಟಿಯ ಒಂದು ಬಾಬತ್ತು ಎಂದೇ ನೋಡುತ್ತಿದ್ದೇವೆ. ಕ್ರೀಡಾಕೂಟ, ಅರಶಿನ ಕುಂಕುಮ, ವಿದ್ಯಾರ್ಥಿ ವೇತನ ವಿತರಣೆ, ಜತೆಗೆ ಒಂದು ಪ್ರವಾಸ. ಹಿರಿಯರ ಪಾಲಿಗೆ ಇದು ಬರೀ ಮನರಂಜನೆಯೋ, ಇಲ್ಲ ಅದಕ್ಕಿಂತ ದೊಡ್ಡ ಅಗತ್ಯವೋ? ಬಸ್ಸಿನಲ್ಲಿ ಕುಳಿತವರ ಲೆಕ್ಕ ನಮ್ಮಲ್ಲಿದೆ. ಮನೆಯಲ್ಲೇ ಉಳಿದವರ ಲೆಕ್ಕ ಯಾರಲ್ಲಿದೆ? ಈ ಎರಡು ಪ್ರಶ್ನೆಗಳನ್ನು ಈಗಲಾದರೂ ಕೇಳಿಕೊಳ್ಳುವುದು ಲೇಸು.

ಯಾರು ಈ ಹಿರಿಯರು?

2011ರ ಜನಗಣತಿಯ ಪ್ರಕಾರ ಮಹಾರಾಷ್ಟ್ರದಲ್ಲಿ ಕನ್ನಡ ಮಾತೃಭಾಷೆಯವರ ಸಂಖ್ಯೆ ಸುಮಾರು 10 ಲಕ್ಷ. ಇವರಲ್ಲಿ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಭಾಗದ ಮೂಲನಿವಾಸಿಗಳೂ ಸೇರಿದ್ದಾರೆ. ಆದರೆ ಪುಣೆಯ ಕನ್ನಡಿಗ ಹಿರಿಯರು ಬಹುಮಟ್ಟಿಗೆ ಹೊಟ್ಟೆಪಾಡಿಗಾಗಿ ಬಂದವರು. ಅವರಲ್ಲಿ ಮೂರು ಬಗೆಯವರನ್ನು ಕಾಣಬಹುದು.

ಮೊದಲನೆಯವರು, ಎಳೆಯ ಪ್ರಾಯದಲ್ಲೇ ಉಡುಪಿ, ಕುಂದಾಪುರ, ಕಾರ್ಕಳದ ಕಡೆಯಿಂದ ಬಂದು ಹೋಟೆಲಿನಲ್ಲಿ ಟೇಬಲ್ ಒರೆಸುವುದರಿಂದ ಬದುಕು ಆರಂಭಿಸಿದವರು. ಫರ್ಗ್ಯುಸನ್ ಕಾಲೇಜು ರಸ್ತೆಯ ವೈಶಾಲಿ, ರೂಪಾಲಿಗಳನ್ನು ಕಟ್ಟಿದ, 2023ರಲ್ಲಿ ನಿಧನರಾದ ಜಗನ್ನಾಥ ಶೆಟ್ಟಿಯವರಂತೆ ಹೆಸರು ಮಾಡಿದವರು ಕೆಲವರು. ಮಾಲಕರಾಗದೆ ಗಲ್ಲಾದಲ್ಲಿ, ಒಲೆಯ ಮುಂದೆ, ಕೋಣೆಯೊಂದರಲ್ಲಿ ಐದಾರು ಮಂದಿಯೊಡನೆ ಬದುಕು ಸವೆಸಿದವರು ನೂರಾರು. ಜತೆಗೆ 1954ರಲ್ಲಿ ಪಿಂಪ್ರಿಯಲ್ಲಿ ಸ್ಥಾಪನೆಯಾದ ಹಿಂದೂಸ್ತಾನ್ ಆಂಟಿಬಯೋಟಿಕ್ಸ್‌ನಂತಹ ಕಾರ್ಖಾನೆಗಳಲ್ಲಿ, ಖಡ್ಕಿಯ ಮದ್ದುಗುಂಡು ಕಾರ್ಖಾನೆಯಲ್ಲಿ, ಬ್ಯಾಂಕುಗಳಲ್ಲಿ ದುಡಿದು ನಿವೃತ್ತರಾದವರೂ ಇದ್ದಾರೆ. ಇವರಿಗೆ ಮರಾಠಿ ಚೆನ್ನಾಗಿ ಬರುತ್ತದೆ.

ಎರಡನೆಯವರು, ಕಲಬುರಗಿ, ವಿಜಯಪುರ, ಬೀದರ, ಯಾದಗಿರಿ ಕಡೆಯಿಂದ ಕಟ್ಟಡ ಕೆಲಸಕ್ಕೆ, ಗಾರೆ ಕೆಲಸಕ್ಕೆ ಬಂದು ಇಲ್ಲೇ ಉಳಿದವರು. ನಗರದ ಎಷ್ಟೋ ಇಮಾರತುಗಳ ಇಟ್ಟಿಗೆ ಹೊತ್ತವರು ಇವರೇ. ನಮ್ಮ ಸಂಘಗಳ ಸದಸ್ಯತ್ವ ಪಟ್ಟಿಯಲ್ಲಿ ಇವರ ಹೆಸರು ಸಿಗುವುದು ಅಪರೂಪ.

ಮೂರನೆಯವರು ಹೊಸಬರು. ಹಿಂಜವಡಿ, ಖರಾಡಿ, ಮಗರಪಟ್ಟಾದ ಸಾಫ್ಟ್‌ವೇರ್ ಕಂಪೆನಿಗಳಲ್ಲಿ ಕೆಲಸ ಮಾಡುವ ಮಗ-ಸೊಸೆ, ಮಗಳು-ಅಳಿಯಂದಿರ ಮನೆಗೆ ಊರಿನಿಂದ ಬಂದ ತಂದೆ-ತಾಯಂದಿರು. ಊರ ಮನೆಗೆ ಬೀಗ ಹಾಕಿ, ದನ ಮಾರಿ, ಹತ್ತನೆಯ ಮಹಡಿಯ ಫ್ಲ್ಯಾಟಿಗೆ ಬಂದವರು. ಊಟ-ಉಪಚಾರಕ್ಕೆ ಕೊರತೆಯಿಲ್ಲ, ಕೊರತೆ ಮಾತಿನದು. ಮರಾಠಿ ಬಾರದು, ಹಿಂದಿ ಅಷ್ಟಕ್ಕಷ್ಟೆ. ಬೆಳಿಗ್ಗೆ ಎಂಟಕ್ಕೆ ಮಕ್ಕಳು ಹೊರಟರೆ ರಾತ್ರಿ ಎಂಟರವರೆಗೆ ಮಾತನಾಡಲು ಟಿವಿಯೊಂದೇ ಜತೆ.

ಪುಣೆಯಲ್ಲಿ ಮರಾಠಿ ಬಂಧುಗಳ ಜ್ಯೇಷ್ಠ ನಾಗರಿಕ ಸಂಘಗಳು ಬಹಳ ಗಟ್ಟಿಯಾಗಿವೆ. 1980ರಲ್ಲಿ ಆರಂಭವಾದ ರಾಜ್ಯಮಟ್ಟದ ಒಕ್ಕೂಟ 'ಫೆಸ್ಕಾಂ' ಇದೆ. ಬಡಾವಣೆಗಳಲ್ಲಿ ಹಿರಿಯರು ಕುಳಿತು ಪೇಪರು ಓದುವ, ಹರಟುವ 'ವಿರಂಗುಳಾ ಕೇಂದ್ರ'ಗಳಿವೆ. 'ಸಹಲ್' ಎಂದರೆ ವಿಹಾರ ಅವರ ವಾಡಿಕೆಯ ಕಾರ್ಯಕ್ರಮ. ಮರಾಠಿ ಬಲ್ಲ ನಮ್ಮ ಹಿರಿಯರು ಅಲ್ಲಿ ಸೇರಿಕೊಳ್ಳುತ್ತಾರೆ. ಹೊಸದಾಗಿ ಬಂದವರಿಗೆ ಆ ಬಾಗಿಲು ತೆರೆದಿದ್ದರೂ ಒಳಗೆ ಹೋಗಿ ಕೂರುವ ಧೈರ್ಯ ಬರುವುದಿಲ್ಲ. ಕನ್ನಡದ ಬಸ್ಸೊಂದು ಹೊರಟರೆ ಅದರ ಬೆಲೆ ಹೆಚ್ಚು ತಿಳಿಯುವುದು ಇಂತಹವರಿಗೆ.

ಒಂಟಿತನವೂ ಒಂದು ಕಾಯಿಲೆ

ವಿಶ್ವ ಆರೋಗ್ಯ ಸಂಸ್ಥೆ 2025ರ ಜೂನ್‌ನಲ್ಲಿ ಹೊರತಂದ ವರದಿಯೊಂದು ಜಗತ್ತಿನಲ್ಲಿ ಆರು ಜನರಲ್ಲಿ ಒಬ್ಬರು ಒಂಟಿತನದಿಂದ ಬಳಲುತ್ತಿದ್ದಾರೆ ಎಂದಿದೆ. ವರ್ಷಕ್ಕೆ 8.71 ಲಕ್ಷಕ್ಕೂ ಹೆಚ್ಚು ಸಾವುಗಳಿಗೆ ಒಂಟಿತನದ ನಂಟಿದೆ ಎಂಬುದು ಅದರ ಅಂದಾಜು. ರಕ್ತದೊತ್ತಡ, ಸಕ್ಕರೆ ಕಾಯಿಲೆಯಂತೆ ಇದನ್ನೂ ಗಂಭೀರವಾಗಿ ಪರಿಗಣಿಸಬೇಕು ಎಂಬುದು ವರದಿಯ ಸಾರ.

ಇಂಗ್ಲೆಂಡಿನಲ್ಲಿ 50 ವರ್ಷ ದಾಟಿದ 6,710 ಮಂದಿಯನ್ನು 14 ವರ್ಷ ಗಮನಿಸಿದ ಅಧ್ಯಯನವೊಂದು 2019ರಲ್ಲಿ ಪ್ರಕಟವಾಯಿತು. ವಸ್ತುಸಂಗ್ರಹಾಲಯ, ನಾಟಕ, ಸಂಗೀತ ಕಛೇರಿ ಎಂದು ವರ್ಷಕ್ಕೆ ಒಂದೆರಡು ಬಾರಿ ಹೋಗುವವರಲ್ಲಿ, ಎಲ್ಲಿಗೂ ಹೋಗದವರಿಗೆ ಹೋಲಿಸಿದರೆ, ಆ ಅವಧಿಯಲ್ಲಿ ಸಾವಿನ ಅಪಾಯ ಶೇ. 14ರಷ್ಟು ಕಡಿಮೆ ಕಂಡಿತು. ಕೆಲವು ತಿಂಗಳಿಗೊಮ್ಮೆಯಾದರೂ ಹೋಗುವವರಲ್ಲಿ ಶೇ. 31ರಷ್ಟು ಕಡಿಮೆ. ಹೊರಗೆ ಹೋಗುವುದರಿಂದಲೇ ಆಯುಸ್ಸು ಹೆಚ್ಚಿತು ಎಂದು ಇದರಿಂದ ಸಿದ್ಧವಾಗುವುದಿಲ್ಲ. ಆರೋಗ್ಯ ಚೆನ್ನಾಗಿರುವವರೇ ಹೆಚ್ಚು ತಿರುಗಾಡುತ್ತಾರೆ ಎಂಬ ಮಾತೂ ಇದೆ. ಆದರೆ ಹಣ, ಆರೋಗ್ಯ, ವಿದ್ಯಾಭ್ಯಾಸಗಳ ವ್ಯತ್ಯಾಸವನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಈ ನಂಟು ಉಳಿಯಿತು ಎಂಬುದು ಗಮನಾರ್ಹ.

ಜಪಾನಿನ ತಾಕೆತೊಯೊ ಎಂಬ ಪಟ್ಟಣದ ಉದಾಹರಣೆ ನಮಗೆ ಇನ್ನೂ ಹತ್ತಿರದ್ದು. ಅಲ್ಲಿ 2007ರಿಂದ ಹಿರಿಯರು ಒಂದೆಡೆ ಸೇರಿ ಹಾಡುವ, ಆಡುವ, ಚಹಾ ಕುಡಿಯುವ ಕೂಟಗಳನ್ನು ಸ್ವಯಂಸೇವಕರೇ ನಡೆಸತೊಡಗಿದರು. ಐದು ವರ್ಷಗಳ ಬಳಿಕ ನೋಡಿದಾಗ, ಕೂಟಕ್ಕೆ ಬರುತ್ತಿದ್ದವರಲ್ಲಿ ಇನ್ನೊಬ್ಬರ ಆರೈಕೆಯಿಲ್ಲದೆ ಬದುಕಲಾರದ ಸ್ಥಿತಿ ತಲುಪಿದವರು ಕಡಿಮೆಯಿದ್ದರು.

ಇದರಲ್ಲಿ ನಮಗೊಂದು ಪಾಠವಿದೆ. ವರ್ಷಕ್ಕೊಂದು ಪ್ರವಾಸ ಒಳ್ಳೆಯದು. ಆದರೆ ಫಲ ಹೆಚ್ಚು ಸಿಗುವುದು ಪದೇ ಪದೇ ಸೇರುವುದರಿಂದ. ಒಂದು ದೊಡ್ಡ ಪ್ರವಾಸದ ಖರ್ಚಿನಲ್ಲಿ ಮೂರು ಸಣ್ಣ ಪ್ರವಾಸ ಮಾಡುವುದು ಜಾಣತನ.

ಎಲ್ಲಿಗೆ ಹೋಗಬೇಕು?

ಪ್ರವಾಸವೆಂದರೆ ಕೂಡಲೇ ಅಷ್ಟವಿನಾಯಕ ಎನ್ನುವ ಅಭ್ಯಾಸ ನಮ್ಮದು. ಎಂಟೂ ಕ್ಷೇತ್ರ ಒಂದು ದಿನದಲ್ಲಿ ಆಗದ ಮಾತು. ಲೇಣ್ಯಾದ್ರಿಗೆ ಸುಮಾರು 300 ಮೆಟ್ಟಿಲು. ಥೇವೂರಿನ ಚಿಂತಾಮಣಿ, ರಾಂಜಣಗಾಂವದ ಮಹಾಗಣಪತಿ ಒಂದೇ ದಿನಕ್ಕೆ ಸಾಕು. ಎರಡೂ ಸಮತಟ್ಟಾದ ಜಾಗ. ಅಳಂದಿ-ದೇಹೂ ಇನ್ನೂ ಹತ್ತಿರ. ಹಿರಿಯರಿಗೆ ಕ್ಷೇತ್ರಗಳ ಸಂಖ್ಯೆಗಿಂತ ಒಂದೊಂದು ಕಡೆ ಕುಳಿತುಕೊಳ್ಳುವ ಸಮಯ ಮುಖ್ಯ.

ಅದಕ್ಕಿಂತ ಮುಖ್ಯವಾಗಿ, ಪುಣೆಯ ಸುತ್ತಲಿನ ಈ ಕ್ಷೇತ್ರಗಳಿಗೂ ನಮ್ಮ ನಾಡಿಗೂ ಇರುವ ನಂಟನ್ನು ಬಸ್ಸಿನಲ್ಲಿ ಯಾರಾದರೂ ಹೇಳುತ್ತಾರೆಯೇ? ಅಳಂದಿಯಲ್ಲಿ 1296ರಲ್ಲಿ ಸಮಾಧಿಸ್ಥರಾದ ಸಂತ ಜ್ಞಾನೇಶ್ವರರು ಪಂಢರಪುರದ ವಿಠ್ಠಲನನ್ನು ಕಾನಡಾ ದೇವರೆಂದೇ ಕರೆದಿದ್ದಾರೆ. ಪುಣೆಯಲ್ಲೇ ನೆಲೆಸಿ 2016ರಲ್ಲಿ ಅಗಲಿದ ವಿದ್ವಾಂಸ ರಾ. ಚಿಂ. ಢೇರೆಯವರು ವಿಠ್ಠಲನ ಕುರಿತು ಬರೆದ, 1987ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಮರಾಠಿ ಗ್ರಂಥ ಈ ಕರ್ನಾಟಕದ ನಂಟನ್ನು ವಿಸ್ತಾರವಾಗಿ ಬಿಡಿಸಿಟ್ಟಿದೆ.

ಜೇಜೂರಿಯ ಖಂಡೋಬ ನಮ್ಮ ಮೈಲಾರಲಿಂಗನೇ. ಹಡಗಲಿ ತಾಲೂಕಿನ ಮೈಲಾರ, ಹಾವೇರಿ ಜಿಲ್ಲೆಯ ದೇವರಗುಡ್ಡ, ಬೆಳಗಾವಿ ಜಿಲ್ಲೆಯ ಮಂಗಸೂಳಿಗಳಲ್ಲಿ ಭಂಡಾರ ಎರಚುವವರೂ ಜೇಜೂರಿಯಲ್ಲಿ ಭಂಡಾರ ಎರಚುವವರೂ ಒಂದೇ ದೇವರ ಒಕ್ಕಲು. ಉತ್ತರ ಕರ್ನಾಟಕದ ಅಜ್ಜ-ಅಜ್ಜಿಯರಿಗೆ ಇದು ಹೇಳಿಕೊಡಬೇಕಾದ ಸಂಗತಿಯಲ್ಲ. ಅವರೇ ನಮಗೆ ಹೇಳಬಲ್ಲರು. ಮೈಕು ಅವರ ಕೈಗೆ ಕೊಡಬೇಕಷ್ಟೆ. ಜೇಜೂರಿಯ ಮೆಟ್ಟಿಲುಗಳು ಮಾತ್ರ ಮಂಡಿ ನೋವಿನವರಿಗೆ ಕಷ್ಟ. ಮಾರ್ಚ್ ಕಳೆದ ಮೇಲೆ ಬರಿಗಾಲಲ್ಲಿ ಆ ಕಲ್ಲು ತುಳಿಯುವುದು ಯಾರಿಗೂ ಹಿತವಲ್ಲ.

ಅದೇ ದಾರಿಯಲ್ಲಿ ಸಾಸವಡ, ಅದರಾಚೆ ಪುರಂದರಗಡ. ಪುರಂದರದಾಸರ ಹುಟ್ಟೂರು ಇದೇ ಎಂಬುದು ಹಳೆಯ ನಂಬಿಕೆ. ಶಿವಮೊಗ್ಗ ಜಿಲ್ಲೆ ತೀರ್ಥಹಳ್ಳಿ ತಾಲೂಕಿನ ಆರಗದ ಕಡೆಗೆ ಬೊಟ್ಟು ಮಾಡುವ ವಿದ್ವಾಂಸರೂ ಇದ್ದಾರೆ. ವಾದ ಏನೇ ಇರಲಿ, ಪುರಂದರದ ಬುಡದಲ್ಲಿ ಕುಳಿತು ದಾಸರ ಪದ ಹಾಡುವ ಸುಖಕ್ಕೆ ಯಾರ ಒಪ್ಪಿಗೆಯೂ ಬೇಡ. ಆದರೆ ಕೋಟೆ ಸೇನೆಯ ಸುಪರ್ದಿಯಲ್ಲಿದೆ. ಗುರುತಿನ ಚೀಟಿಯಿಲ್ಲದೆ ಒಳಗೆ ಬಿಡುವುದಿಲ್ಲ. ಮನೆಯಲ್ಲಿ ಚೀಟಿ ಮರೆತು ಬಂದ ಒಬ್ಬರಿಗಾಗಿ ಇಡೀ ಬಸ್ಸು ಕಾಯುವಂತಾಗಬಾರದು.

ನಗರದೊಳಗೂ ನೋಡಲು ಬೇಕಾದಷ್ಟಿದೆ. ನಾಲ್ಕು ದಶಕ ಪುಣೆಯಲ್ಲೇ ದುಡಿದರೂ ಹೋಟೆಲು-ರೂಮು ಬಿಟ್ಟು ಬೇರೇನೂ ನೋಡದವರು ನಮ್ಮಲ್ಲಿ ಅನೇಕರು. 1942ರಿಂದ 1944ರವರೆಗೆ ಗಾಂಧೀಜಿ ಬಂಧನದಲ್ಲಿದ್ದ, ಕಸ್ತೂರ್‌ಬಾ ಮತ್ತು ಮಹಾದೇವ ದೇಸಾಯಿಯವರು ಕೊನೆಯುಸಿರೆಳೆದ ಆಗಾ ಖಾನ್ ಅರಮನೆ ಇಲ್ಲಿದೆ. ನೆರಳಿದೆ, ಕೂರಲು ಜಾಗವಿದೆ. ದ. ರಾ. ಬೇಂದ್ರೆಯವರು ಓದಿ 1918ರಲ್ಲಿ ಬಿ.ಎ. ಮುಗಿಸಿದ ಫರ್ಗ್ಯುಸನ್ ಕಾಲೇಜು ಇದೆ. ಗದುಗಿನ ಭೀಮಸೇನ ಜೋಶಿಯವರು ತಮ್ಮ ಗುರು, ಕುಂದಗೋಳದ ಸವಾಯಿ ಗಂಧರ್ವರ ನೆನಪಿಗಾಗಿ 1953ರಲ್ಲಿ ಆರಂಭಿಸಿದ ಸಂಗೀತ ಉತ್ಸವ ಇಂದಿಗೂ ಡಿಸೆಂಬರ್‌ನಲ್ಲಿ ನಡೆಯುತ್ತಿದೆ. ಮೆಟ್ರೋ ಈಗ ವನಾಜ್‌ನಿಂದ ರಾಮವಾಡಿಯವರೆಗೆ ಓಡುತ್ತಿದೆ. ನಿಲ್ದಾಣಗಳಲ್ಲಿ ಲಿಫ್ಟ್ ಇದೆ. ಇಪ್ಪತ್ತು ಹಿರಿಯರು, ಮೂವರು ಸ್ವಯಂಸೇವಕರು ಮೆಟ್ರೋ ಹತ್ತಿ ಇಳಿದು, ಮುಂದಕ್ಕೆ ರಿಕ್ಷಾ ಹಿಡಿದು ಮಧ್ಯಾಹ್ನದೊಳಗೆ ಮರಳಬಹುದು. ಬಸ್ಸಿನ ಬಾಡಿಗೆಯೇ ಇಲ್ಲ.

ರಿಯಾಯಿತಿಗಳ ಗೊಂದಲ

ಸರಕಾರದ ರಿಯಾಯಿತಿಗಳು ನಮ್ಮ ಹಿರಿಯರಿಗೆ ಸಿಗುತ್ತವೆಯೇ? ಮಹಾರಾಷ್ಟ್ರದ ಎಸ್.ಟಿ. ಬಸ್ಸುಗಳಲ್ಲಿ 75 ವರ್ಷ ದಾಟಿದವರಿಗೆ 2022ರ ಆಗಸ್ಟ್‌ನಿಂದ ಉಚಿತ ಪ್ರಯಾಣ, 65ರಿಂದ 75ರವರೆಗಿನವರಿಗೆ ಅರ್ಧ ಟಿಕೆಟು. 2023ರ ಮಾರ್ಚ್‌ನಿಂದ ಎಲ್ಲ ವಯಸ್ಸಿನ ಮಹಿಳೆಯರಿಗೂ ಅರ್ಧ ಟಿಕೆಟು. 2024ರಲ್ಲಿ ಮಹಾರಾಷ್ಟ್ರ ಸರಕಾರ ಘೋಷಿಸಿದ ಮುಖ್ಯಮಂತ್ರಿ ತೀರ್ಥದರ್ಶನ ಯೋಜನೆಯಲ್ಲಿ, ಕುಟುಂಬದ ವಾರ್ಷಿಕ ಆದಾಯ 2.5 ಲಕ್ಷ ರೂ. ಮೀರದ, 60 ವರ್ಷ ದಾಟಿದ ರಾಜ್ಯದ ನಿವಾಸಿಗಳಿಗೆ ಒಬ್ಬರಿಗೆ 30,000 ರೂ.ವರೆಗೆ ನೆರವು ನಿಗದಿಯಾಗಿದೆ. ಕರ್ನಾಟಕದ ಶಕ್ತಿ ಯೋಜನೆ 2023ರ ಜೂನ್‌ನಲ್ಲಿ ಬಂತು. ಅದು ಆ ರಾಜ್ಯದ ನಿವಾಸಿ ಮಹಿಳೆಯರಿಗೆ, ಆ ರಾಜ್ಯದೊಳಗೆ ಮಾತ್ರ. ರೈಲಿನಲ್ಲಿ ಹಿರಿಯ ಪುರುಷರಿಗೆ ಶೇ. 40, ಮಹಿಳೆಯರಿಗೆ ಶೇ. 50 ಇದ್ದ ರಿಯಾಯಿತಿ 2020ರ ಮಾರ್ಚ್‌ನಲ್ಲಿ ನಿಂತದ್ದು ಇನ್ನೂ ಮರಳಿಲ್ಲ.

ಇಲ್ಲಿ ಹೊರನಾಡ ಕನ್ನಡಿಗರ ತೊಡಕು ಸ್ಪಷ್ಟ. ಮಗನ ಮನೆಯಲ್ಲಿರುವ ತಾಯಿಯ ಆಧಾರ್ ಕಾರ್ಡು ಊರಿನ ವಿಳಾಸದ್ದು. ನಿವಾಸಿಗಳಿಗೆಂದು ಮೀಸಲಾದ ಇಲ್ಲಿನ ಯೋಜನೆಗೆ ಅವರು ಅರ್ಜಿ ಹಾಕುವಂತಿಲ್ಲ. ಐವತ್ತು ವರ್ಷ ಇಲ್ಲಿದ್ದ ಹೋಟೆಲ್ ಕಾರ್ಮಿಕನಲ್ಲಿ ಇಲ್ಲಿನ ವಿಳಾಸದ ಪುರಾವೆಯೇ ಇರುವುದಿಲ್ಲ. ಊರಿನ ಪಡಿತರ ಚೀಟಿಯಿಂದ ಹೆಸರು ಯಾವತ್ತೋ ಹೋಗಿರುತ್ತದೆ. ಸಂಘಗಳು ಪ್ರವಾಸದ ಬಸ್ಸು ಗೊತ್ತುಪಡಿಸುವ ಮೊದಲು ಹಿರಿಯರ ಕಾಗದಪತ್ರ ಸರಿಪಡಿಸುವ ಶಿಬಿರವೊಂದನ್ನು ಮಾಡಿದರೆ, ಅದರ ಪ್ರಯೋಜನ ಪ್ರವಾಸಕ್ಕಿಂತಲೂ ದೀರ್ಘ ಕಾಲ ಉಳಿದೀತು.

ಮನೆಯಲ್ಲೇ ಉಳಿದವರು

ಹಣದ ಮಾತಿಗೆ ಬರೋಣ. ಬಸ್ಸಿನ ಬಾಡಿಗೆ, ಟೋಲು, ಚಾಲಕನ ಭತ್ಯೆ, ತಿಂಡಿ, ಊಟ ಸೇರಿ ತಲೆಗೆ 800 ರೂ. ಬೀಳುತ್ತದೆ ಎಂದಿಟ್ಟುಕೊಳ್ಳಿ. ಗಂಡ-ಹೆಂಡತಿಗೆ 1,600. ಕಾರ್ಮಿಕರ ಪಿಂಚಣಿ ಯೋಜನೆಯಲ್ಲಿ 2014ರಲ್ಲಿ ನಿಗದಿಯಾದ ಕನಿಷ್ಠ ಪಿಂಚಣಿ ತಿಂಗಳಿಗೆ 1,000 ರೂ. ಅದೂ ಇಲ್ಲದ ಹೋಟೆಲ್ ಕಾರ್ಮಿಕರೇ ಹೆಚ್ಚು. ಮಗನಲ್ಲಿ ಕೈಚಾಚಲು ಮನಸ್ಸಿಲ್ಲದವರು 'ಮಂಡಿ ನೋವು ಮಾರಾಯ, ಈ ಸಲ ಬರುವುದಿಲ್ಲ' ಎಂದು ಹೇಳಿ ಸುಮ್ಮನಾಗುತ್ತಾರೆ. ಕಾರ್ಯದರ್ಶಿಗಳು ಮಂಡಿಯನ್ನೇ ನಂಬುತ್ತಾರೆ.

ಹಾಗೆಂದು ಎಲ್ಲವನ್ನೂ ಉಚಿತ ಮಾಡಿದರೆ ಇನ್ನೊಂದು ಸಮಸ್ಯೆ. ದಾನಿಯ ಹೆಸರಿನ ಬ್ಯಾನರು, ದಾನಿಗೆ ಸನ್ಮಾನ, ದಾನಿಯ ಭಾಷಣ ಮುಗಿಯುವವರೆಗೆ ಬಿಸಿಲಿನಲ್ಲಿ ಕುಳಿತ ಹಿರಿಯರು. ದುಡಿದು ತಿಂದವರಿಗೆ ಇನ್ನೊಬ್ಬರ ಋಣದಲ್ಲಿ ದೇವರ ದರ್ಶನ ಮಾಡುವುದು ಹಿತವೆನಿಸದು. ಮಧ್ಯದ ದಾರಿಯೊಂದಿದೆ: ಎಲ್ಲರಿಗೂ 200 ರೂ. ಎಂದು ಒಂದೇ ದರ; ಉಳಿದದ್ದು ಸಂಘದ ನಿಧಿಯಿಂದ. ಅದನ್ನೂ ಕೊಡಲಾರದವರ ಹೆಸರು ಖಜಾಂಚಿಗೆ ಮಾತ್ರ ತಿಳಿದಿರಲಿ. ದಾನಿಗಳ ಹೆಸರು ವಾರ್ಷಿಕ ವರದಿಯಲ್ಲಿ ಬರಲಿ, ಬಸ್ಸಿನ ಮೇಲೆ ಬೇಡ.

ಮಹಿಳೆಯರ ಕಷ್ಟ ಬೇರೆ. ಅಜ್ಜಿ ಪ್ರವಾಸಕ್ಕೆ ಹೋದರೆ ಮೊಮ್ಮಗನನ್ನು ಶಾಲೆಯ ಬಸ್ಸಿನಿಂದ ಇಳಿಸಿಕೊಳ್ಳುವವರು ಯಾರು? ಹಾಸಿಗೆ ಹಿಡಿದ ಗಂಡನನ್ನು ನೋಡಿಕೊಳ್ಳುವವರು ಯಾರು? ಪ್ರವಾಸ ವಾರದ ದಿನ ಇಟ್ಟರೆ ಕ್ಷೇತ್ರಗಳಲ್ಲಿ ಜನದಟ್ಟಣೆ ಕಡಿಮೆ, ಆದರೆ ಅಜ್ಜಿಯರಿಗೆ ಬಿಡುವಿಲ್ಲ. ಭಾನುವಾರ ಇಟ್ಟರೆ ಮಗ-ಸೊಸೆ ಮನೆಯಲ್ಲಿರುತ್ತಾರೆ, ಆದರೆ ದರ್ಶನಕ್ಕೆ ಉದ್ದನೆಯ ಸಾಲು. ಎರಡನೇ ಶನಿವಾರದಂತಹ ದಿನ ಆರಿಸಿ ಮನೆಯವರಿಗೆ ಒಂದು ತಿಂಗಳು ಮೊದಲೇ ಹೇಳಿದರೆ ಬಹಳ ಮಂದಿಗೆ ಅನುಕೂಲ. 'ಈ ಒಂದು ದಿನ ಅಮ್ಮನಿಗೆ ರಜೆ' ಎಂದು ಸೊಸೆಗೋ ಮಗನಿಗೋ ಸಂಘದ ಅಕ್ಕಂದಿರು ಫೋನು ಮಾಡಿ ಹೇಳಿದರೆ ತಪ್ಪೇನಿಲ್ಲ.

ಇನ್ನು ನಡೆಯಲಾರದವರು. ಐಷಾರಾಮಿ ಬಸ್ಸಿನ ಮೊದಲ ಮೆಟ್ಟಿಲು ನೆಲದಿಂದ ಎಷ್ಟು ಎತ್ತರ ಎಂದು ಬಸ್ಸು ಗೊತ್ತುಪಡಿಸುವವರು ನೋಡುವುದಿಲ್ಲ. ಗಟ್ಟಿಯಾದ ಒಂದು ಮರದ ಮಣೆ ಒಯ್ದರೆ ಆ ಸಮಸ್ಯೆಯ ಅರ್ಧ ಪರಿಹಾರ. ಅದಕ್ಕಿಂತ ದೊಡ್ಡದು ಶೌಚಾಲಯದ ಪ್ರಶ್ನೆ. ಮುಜುಗರಕ್ಕೆ ಯಾರೂ ಬಾಯಿ ಬಿಡುವುದಿಲ್ಲ; ಬೆಳಗಿನಿಂದ ನೀರೇ ಕುಡಿಯದೆ ಕುಳಿತ ಅಜ್ಜಿಯರು ಪ್ರತಿ ಬಸ್ಸಿನಲ್ಲೂ ಸಿಗುತ್ತಾರೆ. ಸಕ್ಕರೆ ಕಾಯಿಲೆಗೆ, ರಕ್ತದೊತ್ತಡಕ್ಕೆ ಮಾತ್ರೆ ತೆಗೆದುಕೊಳ್ಳುವವರಿಗೆ ಇದು ಅಪಾಯ. ಒಂದೂವರೆ ಗಂಟೆಗೊಮ್ಮೆ ಶುಚಿಯಾದ ಶೌಚಾಲಯವಿರುವ ಕಡೆ ಬಸ್ಸು ನಿಲ್ಲುತ್ತದೆ ಎಂದು ಹೊರಡುವಾಗಲೇ ಮೈಕಿನಲ್ಲಿ ಹೇಳಬೇಕು. ದಾರಿಯುದ್ದಕ್ಕೂ ಹೋಟೆಲು ನಡೆಸುವವರು ನಮ್ಮವರೇ ಎಷ್ಟೋ ಮಂದಿ. ಒಂದು ಮಾತು ಮೊದಲೇ ಹೇಳಿದರೆ ಇಲ್ಲ ಎನ್ನಲಾರರು.

ಜೀವಕ್ಕಿಂತ ಪ್ರವಾಸ ದೊಡ್ಡದಲ್ಲ

2023ರ ಏಪ್ರಿಲ್ 15ರಂದು ಪುಣೆಯಿಂದ ಹೊರಟ ಬಸ್ಸು ಖೋಪೋಲಿ ಬಳಿ ಬೋರ್ ಘಾಟಿಯಲ್ಲಿ ಕಂದಕಕ್ಕೆ ಉರುಳಿ 13 ಮಂದಿ ಸತ್ತರು. 2025ರ ಜೂನ್ 15ರಂದು ತಳೇಗಾಂವ್ ಬಳಿಯ ಕುಂಡಮಳಾದಲ್ಲಿ ಇಂದ್ರಾಯಣಿ ನದಿಯ ಹಳೆಯ ಸೇತುವೆ ಭಾನುವಾರದ ಪ್ರವಾಸಿಗರ ಭಾರಕ್ಕೆ ಕುಸಿದು ನಾಲ್ವರು ಪ್ರಾಣ ಕಳೆದುಕೊಂಡರು. ಅದೇ ವರ್ಷ ಆಗಸ್ಟ್ 11ರ ಶ್ರಾವಣ ಸೋಮವಾರ ಖೇಡ್ ತಾಲೂಕಿನ ಕುಂಡೇಶ್ವರ ದರ್ಶನಕ್ಕೆ ಪಿಕಪ್ ವಾಹನದಲ್ಲಿ ಹೊರಟಿದ್ದ ಮಹಿಳೆಯರ ಪೈಕಿ ಕನಿಷ್ಠ 10 ಮಂದಿ ಘಾಟಿಯಲ್ಲಿ ವಾಹನ ಉರುಳಿ ಮೃತಪಟ್ಟರು. ಇವರೆಲ್ಲ ದರ್ಶನಕ್ಕೆ, ಕಾರ್ಯಕ್ರಮಕ್ಕೆ, ವಿಹಾರಕ್ಕೆ ಎಂದು ಹೊರಟವರೇ.

ಭಯಪಡಿಸಲು ಈ ಮಾತು ಹೇಳುತ್ತಿಲ್ಲ. ಸಾವಿರ ರೂ. ಉಳಿಸಲು ಕಡಿಮೆ ದರದ ಬಸ್ಸು ಹಿಡಿಯುವವರು ನಮ್ಮಲ್ಲೂ ಇದ್ದಾರೆ. ಪ್ರವಾಸಿ ಪರವಾನಿಗೆ, ವಿಮೆ, ಫಿಟ್‌ನೆಸ್ ಪತ್ರಗಳ ಪ್ರತಿ ಕೇಳಿ ಪಡೆಯುವುದು ಸಂಘದ ಹಕ್ಕು. ಚಾಲಕ ಹಿಂದಿನ ರಾತ್ರಿ ಬೇರೆ ಪ್ರಯಾಣ ಮಾಡಿ ಬಂದಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಸಾಮಾನು ಸಾಗಿಸುವ ವಾಹನದಲ್ಲಿ ಹಿರಿಯರನ್ನು ಕೂರಿಸುವುದಂತೂ ಸಲ್ಲದು. ಮಳೆಗಾಲದಲ್ಲಿ ಘಾಟಿಯೂ ಬೇಡ, ನದಿ ದಂಡೆಯೂ ಬೇಡ.

ಬಸ್ಸಿನೊಳಗೆ ಹತ್ತು ಹಿರಿಯರಿಗೆ ಒಬ್ಬ ಯುವ ಸ್ವಯಂಸೇವಕ ಇರಲಿ. ಪ್ರತಿಯೊಬ್ಬರ ಹೆಸರು, ಮನೆಯವರ ಫೋನು, ತೆಗೆದುಕೊಳ್ಳುವ ಔಷಧಿ, ಇರುವ ಕಾಯಿಲೆ ಒಂದು ಹಾಳೆಯಲ್ಲಿ ಬರೆದು ಇಬ್ಬರ ಕೈಯಲ್ಲಿ ಇರಲಿ. ದಾರಿಯಲ್ಲಿ ಸಿಗುವ ಆಸ್ಪತ್ರೆಗಳ ಪಟ್ಟಿ ಮೊದಲೇ ಸಿದ್ಧವಿರಲಿ. ಬಸ್ಸು ಹೊರಡುವಾಗ ತಲೆ ಎಣಿಸುವವರು ಒಬ್ಬರೇ ಆಗಿರಲಿ. ಇಬ್ಬರು ಎಣಿಸಿದರೆ ಲೆಕ್ಕ ತಪ್ಪುತ್ತದೆ. ಊಟ ಒಂದು ಗಂಟೆಗೆ ಎಂದರೆ ಒಂದಕ್ಕೇ ಆಗಬೇಕು. ಇನ್ಸುಲಿನ್ ತೆಗೆದುಕೊಂಡವರು ಸಭಾ ಕಾರ್ಯಕ್ರಮ ಮುಗಿಯುವವರೆಗೆ ಕಾಯಲಾರರು.

ಒಟ್ಟಾಗಿ ಸಾಗಿದರೆ

ಪುಣೆಯಲ್ಲಿ ಸಂಘಗಳಿಗೆ ಕೊರತೆಯಿಲ್ಲ. ಕನ್ನಡ ಸಂಘ, ತುಳುಕೂಟ, ಬಂಟರ ಸಂಘ, ಬೇರೆ ಬೇರೆ ಸಮಾಜಗಳ ಸಂಘಟನೆಗಳು, ಭಜನಾ ಮಂಡಳಿಗಳು, ಬಡಾವಣೆಗಳ ಕನ್ನಡ ಬಳಗಗಳು ಎಲ್ಲವೂ ಇವೆ. ಒಂದೊಂದು ಸಂಘ ಒಂದೊಂದು ಬಸ್ಸು ಮಾಡಿ ಅರ್ಧ ಖಾಲಿ ಒಯ್ಯುವುದಕ್ಕಿಂತ, ಮೂರು-ನಾಲ್ಕು ಸಂಘಗಳು ಸೇರಿ ನವೆಂಬರ್‌ನಿಂದ ಫೆಬ್ರವರಿಯವರೆಗೆ ತಿಂಗಳಿಗೊಂದು ಪ್ರವಾಸದ ಪಟ್ಟಿ ಮಾಡಿಕೊಂಡರೆ ಎಲ್ಲ ಹಿರಿಯರಿಗೂ ಎರಡೋ ಮೂರೋ ಅವಕಾಶ ಸಿಕ್ಕೀತು. ಯಾವ ಸಂಘಕ್ಕೂ ಸೇರದ ಗಾರೆ ಕೆಲಸದ ಅಜ್ಜನಿಗೂ, ಹಿಂಜವಡಿಯ ಹತ್ತನೆಯ ಮಹಡಿಯ ಅಜ್ಜಿಗೂ ಅಲ್ಲಿ ನಾಲ್ಕು ಆಸನ ಮೀಸಲಿಡಬೇಕು. ಹಿರಿಯರ ವಿಷಯದಲ್ಲಾದರೂ ಜಾತಿ, ಜಿಲ್ಲೆಗಳ ಗಡಿ ಸಡಿಲವಾಗಲಿ.

ಪ್ರವಾಸ ಮುಗಿದ ಮೇಲೂ ಕೆಲಸವಿದೆ. ಬಸ್ಸಿನಲ್ಲಿ ಅಕ್ಕಪಕ್ಕ ಕುಳಿತ ಇಬ್ಬರಿಗೆ ಪರಸ್ಪರ ಫೋನು ನಂಬರು ಬರೆದುಕೊಡಿ. ತಿಂಗಳಿಗೊಮ್ಮೆ ಸಂಘದ ಕಡೆಯಿಂದ ಒಂದು ಫೋನು ಹೋಗಲಿ. ಪ್ರವಾಸಕ್ಕೆ ಬಾರದೆ ಉಳಿದವರ ಮನೆಗೆ ಪ್ರಸಾದ ಹಿಡಿದು ಇಬ್ಬರು ಹೋಗಿ ಬರಲಿ. ಅರ್ಧ ಗಂಟೆ ಕುಳಿತು ಕನ್ನಡದಲ್ಲೋ ತುಳುವಿನಲ್ಲೋ ಮಾತನಾಡಲಿ. ಮುಂದಿನ ಸಲ ಅವರು ಏಕೆ ಬರಲಾಗಲಿಲ್ಲ ಎಂಬುದು ಆ ಅರ್ಧ ಗಂಟೆಯಲ್ಲೇ ತಿಳಿದೀತು.

ಇಂದು ಸಂಘಗಳ ಸಭಾಭವನಗಳಲ್ಲಿ ವೇದಿಕೆಯ ಮೇಲೆ ಕೂರುವ ನಾವೆಲ್ಲ ನಿಂತಿರುವುದು ಈ ಹಿರಿಯರ ಬೆವರಿನ ಮೇಲೆ. ಅವರು ಕೊಟ್ಟ ಹತ್ತು-ಇಪ್ಪತ್ತು ರೂಪಾಯಿಯ ಚಂದಾದಿಂದಲೇ ಅನೇಕ ಸಂಘಗಳು ಬೆಳೆದದ್ದು. ಈ ಚಳಿಗಾಲದಲ್ಲಿ ಪ್ರವಾಸದ ಪಟ್ಟಿ ಬರೆಯುವ ಕಾರ್ಯದರ್ಶಿಗಳು ಪಕ್ಕದಲ್ಲೇ ಇನ್ನೊಂದು ಪಟ್ಟಿಯನ್ನೂ ಬರೆಯಲಿ: ಕಳೆದ ವರ್ಷ ಬಂದು ಈ ವರ್ಷ ಬಾರದವರು ಯಾರು, ಒಮ್ಮೆಯೂ ಬಾರದವರು ಯಾರು? ಬಸ್ಸಿಗೆ ಮುಂಗಡ ಕೊಡುವ ಮೊದಲು ಆ ಎರಡನೆಯ ಪಟ್ಟಿಯಲ್ಲಿರುವವರಿಗೆ ಫೋನು ಹೋಗಲಿ.